ಉಲ್ಕಾವೃಷ್ಟಿಯ ಕಣಗಳು: ಭೌತಿಕ ಲಕ್ಷಣಗಳು ಮತ್ತು ಮೂಲ (ಡಿಸೆಂಬರ್ ತಿಂಗಳ ಜೆಮಿನಿಡ್ ಉಲ್ಕಾವೃಷ್ಟಿಯ ನಿದರ್ಶನದೊಂದಿಗೆ)

ಪ್ರತಿ ವರ್ಷ ಡಿಸೆಂಬರ್ ತಿಂಗಳ 13 ಮತ್ತು 14ರ ಆಸುಪಾಸಿನ ರಾತ್ರಿಗಳಲ್ಲಿ ಆಕಾಶದಲ್ಲಿ ಉಲ್ಕೆಗಳು ಹೆಚ್ಚಿನ ಸಂಖ್ಯೆಯಲ್ಲಿ ಕಾಣಿಸಿಕೊಳ್ಳುತ್ತವೆ. ಇದನ್ನು ಜೆಮಿನಿಡ್ ಉಲ್ಕಾವೃಷ್ಟಿ ಎಂದು ಕರೆಯಲಾಗುತ್ತದೆ. ಈ ಉಲ್ಕೆಗಳನ್ನು ಉಂಟುಮಾಡುವ ಕಣಗಳು ಯಾವ ವಸ್ತುವಿನಿಂದ ಆದವು, ಎಷ್ಟು ದೊಡ್ಡವು, ಎಲ್ಲಿಂದ ಬರುತ್ತವೆ, ಅವುಗಳಿಂದ ಅಪಾಯವಿದೆಯೇ ಹಾಗೂ ಅವು ನೆಲಕ್ಕೆ ಬೀಳುತ್ತವೆಯೇ ಎಂಬ ವಿಷಯಗಳ ಕುರಿತು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ. ಹೊಲ, ತೋಟ ಅಥವಾ ಮನೆಯ ಅಂಗಳದಲ್ಲಿ ದೊರೆತ ಶಿಲೆಯನ್ನು ಉಲ್ಕಾಶಿಲೆಯೆಂದು ಭಾವಿಸಿ ಅದರ ಪರೀಕ್ಷೆಗಾಗಿ ಅರ್ಜಿ ಸಲ್ಲಿಸಬಯಸುವವರು ಈ ಪುಟದ ಕೊನೆಯ ಎರಡು ಭಾಗಗಳನ್ನು ತಪ್ಪದೆ ಓದಿಕೊಳ್ಳುವುದು ಸೂಕ್ತ.

ಪದಗಳ ಅರ್ಥ

ಬಾಹ್ಯಾಕಾಶದಲ್ಲಿ ಸೂರ್ಯನನ್ನು ಸುತ್ತುತ್ತಿರುವ ಚಿಕ್ಕ ಘನ ಕಣವನ್ನು ಉಲ್ಕಾಕಣ ಎನ್ನಲಾಗುತ್ತದೆ. ಅದು ಭೂಮಿಯ ವಾಯುಮಂಡಲವನ್ನು ಹೊಕ್ಕು ಉರಿಯುವಾಗ ಕಾಣುವ ಬೆಳಕಿನ ಗೆರೆಯೇ ಉಲ್ಕೆ. ಪೂರ್ತಿಯಾಗಿ ಉರಿದುಹೋಗದೆ ನೆಲವನ್ನು ತಲುಪಿದ ತುಂಡು ಉಲ್ಕಾಶಿಲೆ. ಆಡುಮಾತಿನಲ್ಲಿ ಈ ಮೂರನ್ನೂ ಒಟ್ಟಾಗಿ ‘ನಕ್ಷತ್ರ ಬಿತ್ತು’ ಎಂದೇ ಹೇಳುವ ರೂಢಿ ಇರುವುದರಿಂದ, ಉಲ್ಕೆ ಕಂಡ ಕೂಡಲೇ ಹತ್ತಿರದಲ್ಲೆಲ್ಲೋ ಏನೋ ಬಿದ್ದಿದೆ ಎಂಬ ಭಾವನೆ ಮೂಡುವುದು ಸಹಜ. ವಾಸ್ತವವಾಗಿ ಕಣ್ಣಿಗೆ ಕಾಣುವ ಉಲ್ಕೆಯು ಸುಮಾರು 80 ರಿಂದ 100 ಕಿ.ಮೀ. ಎತ್ತರದಲ್ಲಿ ಉರಿಯುತ್ತಿರುತ್ತದೆ. ಮೈಸೂರಿನಲ್ಲಿ ನಿಂತವರಿಗೆ ಉತ್ತರ ದಿಕ್ಕಿನ ತೆಂಗಿನ ತೋಟದಾಚೆ ಬಿದ್ದಂತೆ ಕಾಣುವ ಉಲ್ಕೆಯು ಚಿತ್ರದುರ್ಗದ ಮೇಲಿನ ಆಕಾಶದಲ್ಲಿ ಉರಿದಿರಬಹುದು.

ಉಲ್ಕೆಯ ಎತ್ತರವನ್ನು ಮೊದಲ ಬಾರಿಗೆ ಕ್ರಮಬದ್ಧವಾಗಿ ಅಳೆದವರು ಜರ್ಮನಿಯ ಬ್ರಾಂಡೆಸ್ ಮತ್ತು ಬೆಂಜೆನ್‌ಬರ್ಗ್ ಎಂಬ ಇಬ್ಬರು ಯುವಕರು. 1798ರಲ್ಲಿ ಅವರು ಪರಸ್ಪರ ಹಲವು ಕಿ.ಮೀ. ದೂರದಲ್ಲಿ ನಿಂತು ಒಂದೇ ಉಲ್ಕೆಯನ್ನು ಏಕಕಾಲದಲ್ಲಿ ಗುರುತಿಸಿ ಲೆಕ್ಕ ಹಾಕಿದರು. ಇಂದು ಕ್ಯಾಮೆರಾ ಜಾಲಗಳು ಅನುಸರಿಸುವ ಕ್ರಮವೂ ತತ್ವದಲ್ಲಿ ಇದೇ ಆಗಿರುತ್ತದೆ.

ಜೆಮಿನಿಡ್ ಉಲ್ಕಾವೃಷ್ಟಿಯ ಪರಿಚಯ

ಉಲ್ಕಾವೃಷ್ಟಿಯ ಕಣಗಳು ಬಾಹ್ಯಾಕಾಶದಲ್ಲಿ ಒಂದಕ್ಕೊಂದು ಸಮಾನಾಂತರವಾಗಿ ಸಾಗುತ್ತಿರುತ್ತವೆ. ದೂರದಲ್ಲಿ ರೈಲು ಹಳಿಗಳು ಒಂದೇ ಬಿಂದುವಿನಲ್ಲಿ ಕೂಡುವಂತೆ ತೋರುವ ಹಾಗೆ, ಈ ಉಲ್ಕೆಗಳ ಗೆರೆಗಳನ್ನು ಹಿಂದಕ್ಕೆ ಎಳೆದರೆ ಅವೆಲ್ಲವೂ ಆಕಾಶದ ಒಂದೇ ಸ್ಥಳದಿಂದ ಹೊರಟಂತೆ ಕಾಣುತ್ತವೆ. ಜೆಮಿನಿಡ್ ಉಲ್ಕೆಗಳಿಗೆ ಈ ಸ್ಥಳವು ಮಿಥುನ ರಾಶಿಯಲ್ಲಿ, ಕ್ಯಾಸ್ಟರ್ ನಕ್ಷತ್ರದ ಸಮೀಪದಲ್ಲಿರುತ್ತದೆ. ಪಂಚಾಂಗ ಬಲ್ಲವರಿಗೆ ಇದು ಪುನರ್ವಸು ನಕ್ಷತ್ರದ ಜೋಡಿಯಲ್ಲಿ ಒಂದು. ಕರ್ನಾಟಕದಿಂದ ನೋಡುವವರಿಗೆ ಡಿಸೆಂಬರ್ ಮಧ್ಯಭಾಗದಲ್ಲಿ ಈ ಬಿಂದುವು ರಾತ್ರಿಯ ಆರಂಭದಲ್ಲಿ ಈಶಾನ್ಯ ದಿಕ್ಕಿನಲ್ಲಿ ಉದಯಿಸಿ, ಸುಮಾರು 2 ಗಂಟೆಯ ವೇಳೆಗೆ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಅತ್ಯಂತ ಎತ್ತರವನ್ನು ತಲುಪುತ್ತದೆ. ಧನುರ್ಮಾಸದ ಪೂಜೆಗೆ ನಸುಕಿನಲ್ಲಿ ಏಳುವ ರೂಢಿಯುಳ್ಳವರು ಎರಡು ಮೂರು ದಿನ ಮೊದಲೇ ಎದ್ದರೆ ಸಾಕಾಗುತ್ತದೆ.

ಚಂದ್ರನ ಬೆಳಕಿಲ್ಲದ, ಊರಿನ ದೀಪಗಳಿಂದ ದೂರವಾದ ಸ್ಥಳದಲ್ಲಿ, ಉಗಮ ಬಿಂದುವು ನೆತ್ತಿಯ ಮೇಲಿದ್ದಾಗ ಗಂಟೆಗೆ ಸುಮಾರು 120 ರಿಂದ 150 ಉಲ್ಕೆಗಳು ಕಾಣಬಹುದೆಂದು ಅಂದಾಜಿಸಲಾಗಿದೆ. ಪತ್ರಿಕೆಗಳಲ್ಲಿ ಪ್ರಕಟವಾಗುವ ಈ ಸಂಖ್ಯೆಯು ಆದರ್ಶ ಸ್ಥಿತಿಯ ಲೆಕ್ಕವಾಗಿರುತ್ತದೆ. ನಗರದ ಮಹಡಿಯ ಮೇಲೆ ನಿಂತವರು ಹತ್ತಿಪ್ಪತ್ತು ಕಂಡರೂ ನಿರಾಶರಾಗಬೇಕಾಗಿಲ್ಲ.

ಈ ಉಲ್ಕಾವೃಷ್ಟಿಯು ಪ್ರಾಚೀನವಾದುದಲ್ಲ. ಇದನ್ನು ಮೊದಲು ಗುರುತಿಸಿದ್ದು 1862ರಲ್ಲಿ, ಇಂಗ್ಲೆಂಡ್ ಮತ್ತು ಅಮೆರಿಕದ ವೀಕ್ಷಕರು. ಆ ದಶಕಗಳಲ್ಲಿ ಗಂಟೆಗೆ ಇಪ್ಪತ್ತರಷ್ಟೂ ಇರದಿದ್ದ ಉಲ್ಕೆಗಳ ಸಂಖ್ಯೆಯು ಇಪ್ಪತ್ತನೆಯ ಶತಮಾನದುದ್ದಕ್ಕೂ ಏರುತ್ತಾ ಬಂದಿದೆ. ಗುರು ಗ್ರಹದ ಆಕರ್ಷಣೆಯಿಂದ ಕಣಗಳ ಹರಿವು ಸ್ವಲ್ಪ ಸ್ವಲ್ಪವಾಗಿ ಸ್ಥಳಾಂತರಗೊಂಡು, ಅದರ ದಟ್ಟವಾದ ಭಾಗವು ಭೂಮಿಯ ಮಾರ್ಗದ ಸಮೀಪಕ್ಕೆ ಬಂದಿರುವುದೇ ಇದಕ್ಕೆ ಕಾರಣ. ಅದೇ ಸ್ಥಳಾಂತರವು ಮುಂದುವರಿದಂತೆ ಹರಿವು ಭೂಮಿಯ ಮಾರ್ಗವನ್ನು ದಾಟಿ ದೂರವಾಗುವ ಕಾಲವೂ ಬರುತ್ತದೆ.

ಗಾತ್ರ, ತೂಕ ಮತ್ತು ವೇಗ

ಬರಿಗಣ್ಣಿಗೆ ಕಾಣುವ ಜೆಮಿನಿಡ್ ಉಲ್ಕೆಗಳಲ್ಲಿ ಹೆಚ್ಚಿನವು ಮರಳಿನ ಕಣದಿಂದ ಹಿಡಿದು ಕಡಲೆಕಾಳಿನವರೆಗಿನ ಗಾತ್ರದ ಕಣಗಳಿಂದ ಉಂಟಾಗುತ್ತವೆ. ಇವುಗಳಿಗಿಂತ ಚಿಕ್ಕವಾದ, ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುವ ಕಣಗಳ ಸಂಖ್ಯೆ ಬಹಳ ಹೆಚ್ಚು. ಅವು ಕಣ್ಣಿಗೆ ಕಾಣದಿದ್ದರೂ ರೇಡಾರ್‌ಗಳಿಗೆ ಕಾಣುತ್ತವೆ. ಅಪರೂಪಕ್ಕೆ ಕೆಲವು ಸೆಂಟಿಮೀಟರ್ ಗಾತ್ರದ ಕಲ್ಲು ಬಂದಾಗ ಶುಕ್ರ ಗ್ರಹವನ್ನೂ ಮೀರಿಸುವ ಬೆಂಕಿಯುಂಡೆ ಕಾಣಿಸುತ್ತದೆ.

ಇಷ್ಟು ಚಿಕ್ಕ ಕಣವು ನೂರು ಕಿ.ಮೀ. ದೂರದಿಂದ ಕಾಣುವಷ್ಟು ಬೆಳಕನ್ನು ಹೇಗೆ ನೀಡಬಲ್ಲದು ಎಂಬ ಪ್ರಶ್ನೆಗೆ ಉತ್ತರ ಅದರ ವೇಗದಲ್ಲಿದೆ. ಜೆಮಿನಿಡ್ ಕಣಗಳು ವಾಯುಮಂಡಲವನ್ನು ಸೆಕೆಂಡಿಗೆ ಸುಮಾರು 35 ಕಿ.ಮೀ. ವೇಗದಲ್ಲಿ ಪ್ರವೇಶಿಸುತ್ತವೆ. ಈ ವೇಗದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ನಾಲ್ಕೈದು ಸೆಕೆಂಡುಗಳು ಸಾಕು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಒಂದು ಗ್ರಾಂ ತೂಕದ ಕಣದಲ್ಲಿ 6 ಲಕ್ಷ ಜೂಲ್‌ಗಳಿಗೂ ಹೆಚ್ಚು ಶಕ್ತಿ ಇರುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡುತ್ತಿರುವ 10 ಟನ್ ತೂಕದ ಬಸ್ಸಿನಲ್ಲಿರುವ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ. ಆ ಬಸ್ಸಿನ ಶಕ್ತಿಯೆಲ್ಲವೂ ಒಂದು ಕಾಳಿನಲ್ಲಿ ಅಡಗಿ, ಒಂದು ಸೆಕೆಂಡಿನೊಳಗೆ ಬಿಡುಗಡೆಯಾಗುತ್ತದೆ ಎಂದು ಭಾವಿಸಬಹುದು.

ಗಾಳಿಯ ಉಜ್ಜುವಿಕೆಯಿಂದ ಕಲ್ಲು ಹೊತ್ತಿಕೊಳ್ಳುತ್ತದೆ ಎಂಬ ವಿವರಣೆಯು ಶಾಲಾ ಪಠ್ಯಗಳಲ್ಲಿಯೂ ಕಂಡುಬರುತ್ತದೆ. ಇದು ಪೂರ್ಣವಾಗಿ ಸರಿಯಲ್ಲ. ಅಷ್ಟು ಎತ್ತರದಲ್ಲಿ ಗಾಳಿಯು ಅತ್ಯಂತ ವಿರಳವಾಗಿರುತ್ತದೆ. ಅದರ ಅಣುಗಳು ಕಣದ ಮೇಲ್ಮೈಗೆ ಗುಂಡುಗಳಂತೆ ಬಡಿದು ಅದನ್ನು ಕಾಯಿಸುತ್ತವೆ. ಮೇಲ್ಮೈಯ ವಸ್ತುವು ಕರಗಿ ಆವಿಯಾಗುತ್ತದೆ. ಆ ಆವಿಯ ಪರಮಾಣುಗಳು ಗಾಳಿಯ ಅಣುಗಳೊಡನೆ ಡಿಕ್ಕಿಯಾಗಿ ಬೆಳಕನ್ನು ಸೂಸುತ್ತವೆ. ಅಂದರೆ ನೋಡುಗರಿಗೆ ಕಾಣುವುದು ಕಾದ ಕಲ್ಲಲ್ಲ, ಅದರ ಸುತ್ತ ಹರಡಿದ ಹೊಳೆಯುವ ಆವಿ.

ಸಾಂದ್ರತೆ ಮತ್ತು ಗಟ್ಟಿತನ

ಉಲ್ಕಾವೃಷ್ಟಿಗಳ ಕಣಗಳೆಲ್ಲ ಒಂದೇ ಬಗೆಯವಲ್ಲ. ಉಲ್ಕೆಯು ಯಾವ ಎತ್ತರದಲ್ಲಿ ಕಾಣಿಸಿಕೊಂಡಿತು, ಎಷ್ಟು ಬೇಗ ನಿಧಾನಗೊಂಡಿತು, ಒಮ್ಮೆಲೇ ಒಡೆಯಿತೇ ಅಥವಾ ಕ್ರಮವಾಗಿ ಸವೆಯಿತೇ ಎಂಬುದನ್ನು ಕ್ಯಾಮೆರಾಗಳಿಂದ ಅಳೆದು ಕಣದ ಸಾಂದ್ರತೆಯನ್ನು ಲೆಕ್ಕ ಹಾಕಲಾಗುತ್ತದೆ. ಕಣವನ್ನು ಕೈಯಲ್ಲಿ ಹಿಡಿಯದೆಯೇ ಅದನ್ನು ತೂಗುವ ಈ ವಿಧಾನವು ಹಲವು ಊಹೆಗಳನ್ನು ಅವಲಂಬಿಸಿರುವುದರಿಂದ, ಬೇರೆ ಬೇರೆ ಸಂಶೋಧಕರ ಅಂಕಿಗಳಲ್ಲಿ ವ್ಯತ್ಯಾಸವಿರುತ್ತದೆ. ಆದರೆ ಉಲ್ಕಾವೃಷ್ಟಿಗಳ ನಡುವಣ ಅಂತರವು ಆ ವ್ಯತ್ಯಾಸಕ್ಕಿಂತ ದೊಡ್ಡದು.

ಅಕ್ಟೋಬರ್ ತಿಂಗಳ ಡ್ರಕೋನಿಡ್ ಕಣಗಳ ಸಾಂದ್ರತೆಯು ಘನ ಸೆಂಟಿಮೀಟರಿಗೆ ಸುಮಾರು 0.3 ಗ್ರಾಂ. ನವೆಂಬರ್ ತಿಂಗಳ ಲಿಯೊನಿಡ್ ಕಣಗಳದು ಸುಮಾರು 0.4 ಗ್ರಾಂ. ಇವು ನೀರಿನಲ್ಲಿ ತೇಲುವಷ್ಟು ಹಗುರ. ಧೂಳಿನ ಅತಿ ಸೂಕ್ಷ್ಮ ಕಣಗಳು ಸಡಿಲವಾಗಿ ಅಂಟಿಕೊಂಡು, ನಡುವೆ ಪೊಳ್ಳು ಉಳಿದಿರುವ ರಚನೆ ಇವುಗಳದ್ದು. ಆಗಸ್ಟ್ ತಿಂಗಳ ಪರ್ಸೀಡ್ ಕಣಗಳು ಸುಮಾರು 1.2 ಗ್ರಾಂ. ಜೆಮಿನಿಡ್ ಕಣಗಳಾದರೋ ಸುಮಾರು 2.6 ರಿಂದ 2.9 ಗ್ರಾಂ, ಅಂದರೆ ಕಟ್ಟಡಕ್ಕೆ ಬಳಸುವ ಗ್ರಾನೈಟ್ ಕಲ್ಲಿಗೆ ಸಮ. ಪ್ರಮುಖ ವಾರ್ಷಿಕ ಉಲ್ಕಾವೃಷ್ಟಿಗಳ ಪೈಕಿ ಇಷ್ಟು ಗಟ್ಟಿಯಾದ ಕಣಗಳು ಬೇರೊಂದರಲ್ಲಿಲ್ಲ.

ಈ ಗಟ್ಟಿತನದ ಪರಿಣಾಮವನ್ನು ಆಕಾಶದಲ್ಲಿಯೇ ಕಾಣಬಹುದು. ಸೆಕೆಂಡಿಗೆ ಸುಮಾರು 71 ಕಿ.ಮೀ. ವೇಗದ ಲಿಯೊನಿಡ್ ಕಣಗಳು ಹೆಚ್ಚು ಎತ್ತರದಲ್ಲಿಯೇ ಉರಿದು, ಹಿಂದೆ ಹೊಗೆಯಂಥ ಹೊಳೆಯುವ ಜಾಡನ್ನು ಬಿಡುತ್ತವೆ. ಜೆಮಿನಿಡ್ ಉಲ್ಕೆಗಳು ನಿಧಾನವಾಗಿ ಸರಿದಂತೆ ತೋರುತ್ತವೆ, ವಾಯುಮಂಡಲದಲ್ಲಿ ಹೆಚ್ಚು ಆಳಕ್ಕೆ ಇಳಿಯುತ್ತವೆ, ಜಾಡು ಬಿಡುವುದು ಕಡಿಮೆ. ಕೆಲವು ದೊಡ್ಡ ಜೆಮಿನಿಡ್ ಕಣಗಳು 40 ಕಿ.ಮೀ. ಎತ್ತರಕ್ಕಿಂತ ಕೆಳಗೂ ಇಳಿದದ್ದು ದಾಖಲಾಗಿದೆ. ಧೂಮಕೇತುವಿನ ಸಡಿಲ ಧೂಳಿಗೆ ಇದು ಸಾಧ್ಯವಾಗದ ಕೆಲಸ.

ಸೋಡಿಯಂ ಕೊರತೆ

ಉಲ್ಕೆಯ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ಬಣ್ಣಗಳನ್ನಾಗಿ ಬಿಡಿಸಿದಾಗ ಕಣದಲ್ಲಿರುವ ಮೂಲವಸ್ತುಗಳು ತಿಳಿದುಬರುತ್ತವೆ. ಮೆಗ್ನೀಸಿಯಂ ಹಸಿರು ಬೆಳಕನ್ನೂ ಸೋಡಿಯಂ ಹಳದಿ ಬೆಳಕನ್ನೂ ನೀಡುತ್ತದೆ; ಕಬ್ಬಿಣಕ್ಕೆ ಸೇರಿದ ಗೆರೆಗಳು ಹಲವು. ಜೆಮಿನಿಡ್ ಉಲ್ಕೆಗಳಲ್ಲಿ ಮೆಗ್ನೀಸಿಯಂ ಮತ್ತು ಕಬ್ಬಿಣ ಸಾಮಾನ್ಯ ಪ್ರಮಾಣದಲ್ಲಿಯೇ ಇರುತ್ತವೆ. ಆದರೆ ಸೋಡಿಯಂ ಕಡಿಮೆ. ಅದಕ್ಕಿಂತ ವಿಚಿತ್ರವೆಂದರೆ, ಒಂದೇ ರಾತ್ರಿ ಕಂಡ ಎರಡು ಜೆಮಿನಿಡ್ ಉಲ್ಕೆಗಳಲ್ಲಿ ಒಂದರಲ್ಲಿ ಸೋಡಿಯಂ ಸಾಕಷ್ಟಿದ್ದು ಇನ್ನೊಂದರಲ್ಲಿ ಬಹುತೇಕ ಇಲ್ಲದಿರಬಹುದು.

ಇದರ ಕಾರಣವು ಕಣಗಳ ಮಾರ್ಗದಲ್ಲಿದೆ. ಜೆಮಿನಿಡ್ ಕಣಗಳು ಒಂದೂವರೆ ವರ್ಷಕ್ಕೊಮ್ಮೆ ಸೂರ್ಯನಿಗೆ ಸುಮಾರು 2.1 ಕೋಟಿ ಕಿ.ಮೀ. ಸಮೀಪಕ್ಕೆ ಹೋಗಿಬರುತ್ತವೆ. ಇದು ಬುಧ ಗ್ರಹಕ್ಕೂ ಸೂರ್ಯನಿಗೂ ಇರುವ ಸರಾಸರಿ ದೂರದ ಅರ್ಧಕ್ಕಿಂತ ಕಡಿಮೆ. ಅಲ್ಲಿನ ಶಾಖದಲ್ಲಿ ಸೋಡಿಯಂ ಮೊದಲು ಆವಿಯಾಗಿ ಹೊರಟುಹೋಗುತ್ತದೆ, ಮೆಗ್ನೀಸಿಯಂ ಮತ್ತು ಕಬ್ಬಿಣ ಉಳಿಯುತ್ತವೆ. ಇದೇ ಶಾಖವು ಸಡಿಲ ವಸ್ತುವನ್ನು ಸುಟ್ಟು ಗಟ್ಟಿಗೊಳಿಸಿರಲೂಬಹುದು. ಆವಿಗೆಯಲ್ಲಿ ಹಸಿ ಮಡಕೆ ಗಟ್ಟಿಯಾಗುವ ಹಾಗೆ. ಚಿಕ್ಕ ಕಣದಿಂದ ಸೋಡಿಯಂ ಬೇಗ ಹೊರಬೀಳುವುದರಿಂದ ಮತ್ತು ಪ್ರತಿ ಕಣದ ಒಳರಚನೆ ಬೇರೆಯಾಗಿರುವುದರಿಂದ ಅವುಗಳಲ್ಲಿ ಉಳಿದ ಸೋಡಿಯಂ ಪ್ರಮಾಣವೂ ಬೇರೆಬೇರೆ.

ಎಲ್ಲ ಉಲ್ಕೆಗಳಿಂದ ಹೊರಬಿದ್ದ ಸೋಡಿಯಂ ನಷ್ಟವಾಗಿ ಹೋಗುವುದಿಲ್ಲ ಎಂಬುದನ್ನು ಇಲ್ಲಿ ಹೇಳಬಹುದು. ಭೂಮಿಯಿಂದ ಸುಮಾರು 90 ಕಿ.ಮೀ. ಎತ್ತರದಲ್ಲಿ ಅದು ಒಂದು ತೆಳುವಾದ ಪದರವಾಗಿ ನಿಂತಿದೆ. ದೊಡ್ಡ ದೂರದರ್ಶಕಗಳಲ್ಲಿ ಲೇಸರ್ ಕಿರಣದಿಂದ ಈ ಪದರವನ್ನು ಬೆಳಗಿಸಿ ಕೃತಕ ನಕ್ಷತ್ರವನ್ನು ನಿರ್ಮಿಸಿಕೊಂಡು, ಗಾಳಿಯ ಅಲುಗಾಟದಿಂದ ಚಿತ್ರದಲ್ಲಾಗುವ ದೋಷವನ್ನು ಸರಿಪಡಿಸಿಕೊಳ್ಳಲಾಗುತ್ತದೆ.

ಉಲ್ಕಾವೃಷ್ಟಿಗಳ ಮೂಲ

ಉಲ್ಕೆಗಳು ಭೂಮಿಯ ವಾತಾವರಣದಲ್ಲಿಯೇ ಹುಟ್ಟುವ, ಮಿಂಚಿನಂಥ ಘಟನೆಗಳೆಂದು ಬಹುಕಾಲ ನಂಬಲಾಗಿತ್ತು. 1833ರ ನವೆಂಬರ್‌ನಲ್ಲಿ ಉತ್ತರ ಅಮೆರಿಕದ ಮೇಲೆ ಗಂಟೆಗೆ ಹತ್ತಾರು ಸಾವಿರ ಲಿಯೊನಿಡ್ ಉಲ್ಕೆಗಳು ಸುರಿದಾಗ ಜನರು ಪ್ರಳಯವೆಂದೇ ಭಯಪಟ್ಟರು. ಅವೆಲ್ಲವೂ ಸಿಂಹ ರಾಶಿಯ ಒಂದೇ ಬಿಂದುವಿನಿಂದ ಹೊರಟು, ಆ ಬಿಂದುವು ನಕ್ಷತ್ರಗಳೊಂದಿಗೇ ಸರಿಯುತ್ತಿದ್ದುದನ್ನು ಗಮನಿಸಿದ ಮೇಲೆ ಉಲ್ಕೆಗಳು ಹೊರಗಿನಿಂದ ಬರುತ್ತವೆ ಎಂಬುದು ಸ್ಪಷ್ಟವಾಯಿತು. 1866ರಲ್ಲಿ ಇಟಲಿಯ ಖಗೋಳಜ್ಞ ಶಿಯಾಪರೆಲ್ಲಿ ಪರ್ಸೀಡ್ ಕಣಗಳ ಮಾರ್ಗವು ಸ್ವಿಫ್ಟ್-ಟಟ್ಲ್ ಧೂಮಕೇತುವಿನ ಮಾರ್ಗವೇ ಆಗಿದೆಯೆಂದು ತೋರಿಸಿದರು. ಬೀಲಾ ಎಂಬ ಧೂಮಕೇತುವು 1846ರಲ್ಲಿ ಎರಡು ತುಂಡಾಗಿ ಕಾಣಿಸಿಕೊಂಡು ಮುಂದೆ ಕಣ್ಮರೆಯಾಯಿತು. ಭೂಮಿಯು ಅದರ ಮಾರ್ಗವನ್ನು ದಾಟಿದ 1872ರ ನವೆಂಬರ್ 27ರಂದು ಧೂಮಕೇತುವಿನ ಬದಲಿಗೆ ಭಾರಿ ಉಲ್ಕಾವೃಷ್ಟಿ ಕಾಣಿಸಿತು. ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಾಗಿರಲಿಲ್ಲ.

ಧೂಮಕೇತುವು ಹಿಮ ಮತ್ತು ಧೂಳು ಸೇರಿದ ಕಾಯ. ಸೂರ್ಯನನ್ನು ಸಮೀಪಿಸಿದಾಗ ಹಿಮವು ಆವಿಯಾಗಿ, ಹೊರಡುವ ಅನಿಲವು ಧೂಳಿನ ಕಣಗಳನ್ನು ತನ್ನೊಂದಿಗೆ ಒಯ್ಯುತ್ತದೆ. ಕಣಗಳು ಮೂಲ ಕಾಯದಿಂದ ಬಹಳ ಕಡಿಮೆ ವೇಗದಲ್ಲಿ ಬೇರ್ಪಡುವುದರಿಂದ ಅದೇ ಮಾರ್ಗದಲ್ಲಿ ಉಳಿದು, ಕ್ರಮೇಣ ಹಿಂದುಮುಂದಾಗಿ ಹರಡಿ, ನೂರಾರು ವರ್ಷಗಳಲ್ಲಿ ಇಡೀ ಮಾರ್ಗವನ್ನು ತುಂಬುತ್ತವೆ. ಹ್ಯಾಲಿ ಧೂಮಕೇತುವಿನ ಮಾರ್ಗವನ್ನು ಭೂಮಿಯು ವರ್ಷದಲ್ಲಿ ಎರಡು ಬಾರಿ ಸಮೀಪಿಸುವುದರಿಂದ ಮೇ ತಿಂಗಳ ಈಟಾ ಅಕ್ವೇರಿಡ್ ಮತ್ತು ಅಕ್ಟೋಬರ್ ತಿಂಗಳ ಓರಿಯೊನಿಡ್ ಎಂಬ ಎರಡು ಉಲ್ಕಾವೃಷ್ಟಿಗಳು ಅದರಿಂದಲೇ ಉಂಟಾಗುತ್ತವೆ.

ಜೆಮಿನಿಡ್ ಉಲ್ಕಾವೃಷ್ಟಿಗೆ ಮಾತ್ರ ಧೂಮಕೇತು ಸಿಗಲಿಲ್ಲ. 1947ರಲ್ಲಿ ಅಮೆರಿಕದ ಫ್ರೆಡ್ ವಿಪಲ್ ಅವರು ಛಾಯಾಚಿತ್ರಗಳಿಂದ ಈ ಕಣಗಳ ಮಾರ್ಗವನ್ನು ನಿರ್ಧರಿಸಿದಾಗ ಅದು ಯಾವ ಪರಿಚಿತ ಧೂಮಕೇತುವಿಗೂ ಹೊಂದಲಿಲ್ಲ. ಮುಂದೆ ಮೂವತ್ತಾರು ವರ್ಷಗಳ ಕಾಲ ಈ ಪ್ರಶ್ನೆ ಹಾಗೆಯೇ ಉಳಿಯಿತು. 1983ರ ಅಕ್ಟೋಬರ್ 11ರಂದು ಐರಾಸ್ ಎಂಬ ಅವಕೆಂಪು ಕಿರಣಗಳ ಉಪಗ್ರಹವು ಕಳುಹಿಸಿದ ಮಾಹಿತಿಯಲ್ಲಿ ಸೈಮನ್ ಗ್ರೀನ್ ಮತ್ತು ಜಾನ್ ಡೇವಿಸ್ ಅವರು ವೇಗವಾಗಿ ಚಲಿಸುವ ಕಾಯವೊಂದನ್ನು ಕಂಡರು. ಕೆಲವೇ ದಿನಗಳಲ್ಲಿ ವಿಪಲ್ ಅವರೇ, ಅದರ ಮಾರ್ಗವು ಜೆಮಿನಿಡ್ ಕಣಗಳ ಮಾರ್ಗಕ್ಕೆ ಸರಿಹೊಂದುತ್ತದೆ ಎಂಬುದನ್ನು ತಿಳಿಯಪಡಿಸಿದರು. ತಮ್ಮ ನಲವತ್ತನೆಯ ವಯಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಎಪ್ಪತ್ತಾರರಲ್ಲಿ ಉತ್ತರ ದೊರೆತದ್ದು ಅವರ ಪಾಲಿನ ಭಾಗ್ಯ.

ಫೀಥಾನ್ ಕ್ಷುದ್ರಗ್ರಹ

ಸದರಿ ಕಾಯಕ್ಕೆ 3200 ಫೀಥಾನ್ ಎಂಬ ಹೆಸರನ್ನಿಡಲಾಯಿತು. ಗ್ರೀಕ್ ಪುರಾಣದಲ್ಲಿ ಫೀಥಾನ್ ಎಂದರೆ ತಂದೆಯಾದ ಸೂರ್ಯನ ರಥವನ್ನು ಓಡಿಸಲು ಹೋಗಿ ಹತೋಟಿ ತಪ್ಪಿದ ಮಗ. ಇದರ ವ್ಯಾಸವು 5 ರಿಂದ 6 ಕಿ.ಮೀ.ಗಳಷ್ಟಿದೆ. ಸೂರ್ಯನನ್ನು ಸುತ್ತಲು 1.43 ವರ್ಷ, ತನ್ನ ಸುತ್ತ ತಿರುಗಲು ಕೇವಲ 3.6 ಗಂಟೆ ತೆಗೆದುಕೊಳ್ಳುತ್ತದೆ. ಸೂರ್ಯನ ಸಮೀಪದಲ್ಲಿ ಇದರ ಮೇಲ್ಮೈಯ ಉಷ್ಣತೆಯು 700 ಡಿಗ್ರಿ ಸೆಲ್ಸಿಯಸ್‌ಗೂ ಮೀರುತ್ತದೆ. ಸೀಸ ಕರಗಲು ಇದರ ಅರ್ಧದಷ್ಟೂ ಬೇಕಾಗಿಲ್ಲ. 2017ರ ಡಿಸೆಂಬರ್ 16ರಂದು ಇದು ಭೂಮಿಯಿಂದ ಸುಮಾರು 1 ಕೋಟಿ 3 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋದಾಗ ಪೋರ್ಟೊರಿಕೊದ ಅರೆಸಿಬೊ ರೇಡಾರ್ ಇದರ ಆಕಾರವನ್ನು ದಾಖಲಿಸಿತು.

ಕಾಯವೇನೋ ಸಿಕ್ಕಿತು, ಆದರೆ ಪ್ರಶ್ನೆ ಜಟಿಲವಾಯಿತು. ಫೀಥಾನ್ ಧೂಮಕೇತುವಿನಂತೆ ಕಾಣುವುದಿಲ್ಲ. ಅದರ ಬಣ್ಣ ಮತ್ತು ಮೇಲ್ಮೈ ಕ್ಷುದ್ರಗ್ರಹದವು. ಪಲ್ಲಾಸ್ ಎಂಬ ದೊಡ್ಡ ಕ್ಷುದ್ರಗ್ರಹದ ಕುಟುಂಬಕ್ಕೆ ಸೇರಿರಬಹುದೆಂಬ ಅಭಿಪ್ರಾಯವೂ ಇದೆ. ಹಿಮವಿಲ್ಲದ ಬಂಡೆಯು ಇಷ್ಟೊಂದು ಕಣಗಳನ್ನು ಹೊರಗೆಡಹಿದ್ದು ಹೇಗೆ? ಜೆಮಿನಿಡ್ ಹರಿವಿನ ಒಟ್ಟು ತೂಕವನ್ನು ನೂರು ಕೋಟಿ ಟನ್‌ಗಳಿಂದ ಹಿಡಿದು ಸಾವಿರಾರು ಕೋಟಿ ಟನ್‌ಗಳವರೆಗೆ ಅಂದಾಜಿಸಲಾಗಿದೆ.

2009ರಲ್ಲಿ ಸೂರ್ಯವೀಕ್ಷಣೆಯ ಸ್ಟೀರಿಯೊ ನೌಕೆಯು ಫೀಥಾನ್ ಸೂರ್ಯನ ಬಳಿ ಹಠಾತ್ತನೆ ಪ್ರಕಾಶಮಾನವಾದುದನ್ನು ಗುರುತಿಸಿತು. ಅದಕ್ಕೊಂದು ಚಿಕ್ಕ ಬಾಲವೂ ಇತ್ತು. ಶಾಖಕ್ಕೆ ಬಂಡೆ ಬಿರಿದು ಧೂಳು ಹಾರುತ್ತಿದೆ, ಇದೇ ಜೆಮಿನಿಡ್ ಕಣಗಳ ಮೂಲ ಎಂದು ವಿವರಿಸಲಾಯಿತು. ವಿವರಣೆ ಸೊಗಸಾಗಿತ್ತು. ಆದರೆ ಆ ಬಾಲದಲ್ಲಿದ್ದ ವಸ್ತುವು ಹರಿವಿನ ತೂಕದ ಮುಂದೆ ತೀರಾ ಅತ್ಯಲ್ಪ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೋಹೊ ನೌಕೆಯ ಚಿತ್ರಗಳನ್ನು ಬಣ್ಣದ ಸೋಸುಗಗಳ ಮೂಲಕ ಪರಿಶೀಲಿಸಿ, ಬಾಲವು ಸೋಡಿಯಂನ ಬೆಳಕಿಗೆ ಹೊಂದುವ ಸೋಸುಗದಲ್ಲಿ ಮಾತ್ರ ಸ್ಪಷ್ಟವಾಗಿ ಕಾಣುತ್ತದೆಂದು ತೋರಿಸಿತು. ಅಂದರೆ ಆ ಬಾಲವು ಧೂಳಿನದ್ದಲ್ಲ, ಸೋಡಿಯಂ ಅನಿಲದ್ದು. ಉಲ್ಕೆಗಳಲ್ಲಿ ಕಾಣೆಯಾದ ಸೋಡಿಯಂ ಮೂಲ ಕಾಯದಿಂದ ಇಂದಿಗೂ ಹೊರಡುತ್ತಿರುವುದು ಹೀಗೆ ಕಂಡುಬಂದರೂ, ಉಲ್ಕಾಕಣಗಳು ಇಂದು ಹುಟ್ಟುತ್ತಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಅವು ಹಿಂದೆ ಯಾವಾಗಲೋ ಒಮ್ಮೆಗೇ ಹೊರಬಿದ್ದಿರಬೇಕು. ಅದೇ 2023ರಲ್ಲಿ ಪಾರ್ಕರ್ ಸೌರ ಶೋಧಕದ ಮಾಹಿತಿಯನ್ನು ಗಣಕ ಮಾದರಿಗಳೊಂದಿಗೆ ಹೋಲಿಸಿದ ಅಧ್ಯಯನವೂ ಹಿಂಸಾತ್ಮಕವಾದ ಒಂದು ಘಟನೆಯ ಕಡೆಗೇ ಬೊಟ್ಟು ಮಾಡಿತು: ಡಿಕ್ಕಿ, ಇಲ್ಲವೇ ವೇಗವಾದ ತಿರುಗಾಟದಿಂದ ಕಾಯವು ಭಾಗಶಃ ಒಡೆದಿರುವುದು. ಹರಿವಿನ ವಯಸ್ಸು ಒಂದೆರಡು ಸಾವಿರ ವರ್ಷಗಳ ಆಸುಪಾಸು ಎಂಬ ಅಂದಾಜಿದೆ. 2005 ಯುಡಿ ಎಂಬ ಚಿಕ್ಕ ಕ್ಷುದ್ರಗ್ರಹವು ಇದೇ ಬಗೆಯ ಮಾರ್ಗದಲ್ಲಿ ಸಾಗುತ್ತಿದ್ದು, ಅದು ಫೀಥಾನ್‌ನಿಂದ ಹಿಂದೆ ಬೇರ್ಪಟ್ಟ ತುಂಡಿರಬಹುದೆಂದು ಕೆಲವರು ಭಾವಿಸುತ್ತಾರೆ. ವಿಷಯ ಇತ್ಯರ್ಥವಾಗಿಲ್ಲ. ಫೀಥಾನ್ ಸಮೀಪ ಹಾದುಹೋಗಿ ಅದರ ಧೂಳನ್ನು ನೇರವಾಗಿ ಪರೀಕ್ಷಿಸಲು ಜಪಾನ್ ದೇಶವು ಡೆಸ್ಟಿನಿ ಪ್ಲಸ್ ಎಂಬ ನೌಕೆಯನ್ನು ಯೋಜಿಸಿದೆ.

ಕಣಗಳ ವಿಂಗಡಣೆ

ಹರಿವಿನಲ್ಲಿ ಕಣಗಳು ಗಾತ್ರಕ್ಕೆ ತಕ್ಕಂತೆ ತಾವೇ ವಿಂಗಡಗೊಳ್ಳುತ್ತವೆ. ಸೂರ್ಯನ ಬೆಳಕು ಚಿಕ್ಕ ಕಣಗಳ ಚಲನೆಗೆ ಸ್ವಲ್ಪ ಅಡ್ಡಿಯೊಡ್ಡಿ, ಅವುಗಳ ಮಾರ್ಗವನ್ನು ನಿಧಾನವಾಗಿ ಕುಗ್ಗಿಸುತ್ತದೆ. ದೊಡ್ಡ ಕಣಗಳಿಗೆ ಇದರ ಪರಿಣಾಮ ತಟ್ಟುವುದಿಲ್ಲ. ಆದುದರಿಂದ ಜೆಮಿನಿಡ್ ಅವಧಿಯಲ್ಲಿ ಮೊದಲು ರೇಡಾರ್‌ಗೆ ಮಾತ್ರ ಕಾಣುವ ಸಣ್ಣ ಉಲ್ಕೆಗಳು ಗರಿಷ್ಠ ಮಟ್ಟಕ್ಕೇರಿ, ಅನಂತರ ಪ್ರಕಾಶಮಾನವಾದ ದೊಡ್ಡ ಉಲ್ಕೆಗಳ ಸರದಿ ಬರುತ್ತದೆ. ಗರಿಷ್ಠದ ನಂತರ ಸಂಖ್ಯೆ ಬೇಗ ಇಳಿಯುತ್ತದೆ. 13ರ ರಾತ್ರಿ ಮೋಡವಿದ್ದವರು 14ರಂದು ನೋಡಬಹುದು. 16ಕ್ಕೆ ಮುಂದೂಡಿದರೆ ವಿಶೇಷವೇನೂ ಉಳಿದಿರುವುದಿಲ್ಲ.

ಅಪಾಯವಿದೆಯೇ?

ನೆಲದ ಮೇಲಿರುವ ಜನರಿಗೆ, ಜಾನುವಾರುಗಳಿಗೆ, ಬೆಳೆಗೆ ಅಥವಾ ಗರ್ಭಿಣಿಯರಿಗೆ ಉಲ್ಕಾವೃಷ್ಟಿಯಿಂದ ಯಾವುದೇ ಅಪಾಯವಿರುವುದಿಲ್ಲ. ವೀಕ್ಷಣೆಗೆ ಕನ್ನಡಕ, ದೂರದರ್ಶಕ ಅಥವಾ ಇತರ ಉಪಕರಣಗಳ ಅಗತ್ಯವೂ ಇಲ್ಲ. ಡಿಸೆಂಬರ್ ರಾತ್ರಿಯ ಚಳಿಗೆ ಹೊದಿಕೆ ಮಾತ್ರ ಅಗತ್ಯ.

ಅಪಾಯವಿರುವುದು ವಾಯುಮಂಡಲದ ರಕ್ಷಣೆಯಿಲ್ಲದ ಉಪಗ್ರಹಗಳಿಗೆ, ಅದೂ ಅಲ್ಪ ಪ್ರಮಾಣದಲ್ಲಿ. 1993ರ ಆಗಸ್ಟ್‌ನಲ್ಲಿ ಯುರೋಪಿನ ಒಲಿಂಪಸ್ ಉಪಗ್ರಹವು ನಿಯಂತ್ರಣ ಕಳೆದುಕೊಂಡದ್ದಕ್ಕೆ ಪರ್ಸೀಡ್ ಕಣದ ಹೊಡೆತ ಕಾರಣವಿರಬಹುದೆಂದು ಶಂಕಿಸಲಾಗಿತ್ತು. 2014ರ ಅಕ್ಟೋಬರ್ 19ರಂದು ಸೈಡಿಂಗ್ ಸ್ಪ್ರಿಂಗ್ ಎಂಬ ಧೂಮಕೇತುವು ಮಂಗಳ ಗ್ರಹದಿಂದ ಸುಮಾರು 1 ಲಕ್ಷ 40 ಸಾವಿರ ಕಿ.ಮೀ. ದೂರದಲ್ಲಿ ಹಾದುಹೋಯಿತು. ಆಗಷ್ಟೇ ಮಂಗಳದ ಕಕ್ಷೆಯನ್ನು ಸೇರಿದ್ದ ಭಾರತದ ಮಂಗಳಯಾನ ನೌಕೆಯ ಮಾರ್ಗವನ್ನು ಇಸ್ರೊ ಮುಂಚಿತವಾಗಿ ಬದಲಿಸಿ, ಧೂಳು ಬರುವ ಹೊತ್ತಿಗೆ ನೌಕೆಯು ಗ್ರಹದ ಮರೆಯಲ್ಲಿರುವಂತೆ ನೋಡಿಕೊಂಡಿತು. ನೌಕೆಗೆ ಹಾನಿಯಾಗಲಿಲ್ಲ.

ಉಲ್ಕಾವೃಷ್ಟಿಯ ಕಣವು ಶಿಲೆಯಾಗಿ ದೊರೆಯುತ್ತದೆಯೇ?

ಉಲ್ಕಾವೃಷ್ಟಿಯೊಂದರ ಕಣವೇ ನೆಲಕ್ಕೆ ಬಿದ್ದಿದೆಯೆಂದು ದೃಢಪಟ್ಟ ಉಲ್ಕಾಶಿಲೆ ಪ್ರಪಂಚದಲ್ಲಿ ಇದುವರೆಗೆ ಒಂದೂ ಇಲ್ಲ. ಗಟ್ಟಿಯಾದ ಜೆಮಿನಿಡ್ ಕಣಗಳ ವಿಷಯದಲ್ಲಿ ಮಾತ್ರ ಇದು ಅಸಾಧ್ಯವಲ್ಲ ಎಂಬುದು ತಜ್ಞರ ಅಭಿಪ್ರಾಯ. ವಸ್ತುಸಂಗ್ರಹಾಲಯಗಳಲ್ಲಿರುವ ಉಲ್ಕಾಶಿಲೆಗಳು ಬಹುತೇಕ ಮಂಗಳ ಮತ್ತು ಗುರು ಗ್ರಹಗಳ ನಡುವಣ ಕ್ಷುದ್ರಗ್ರಹಗಳಿಂದ, ಯಾವ ವೃಷ್ಟಿಗೂ ಸೇರದೆ ಒಂಟಿಯಾಗಿ ಬಂದವು. ಮದ್ದೂರಿನಲ್ಲಿ 1865ರ ಸೆಪ್ಟೆಂಬರ್‌ನಲ್ಲಿಯೂ ಉಡುಪಿಯಲ್ಲಿ 1866ರ ಏಪ್ರಿಲ್‌ನಲ್ಲಿಯೂ ಬಿದ್ದ ಕಲ್ಲುಗಳು ಈ ಬಗೆಯವೇ.

ಉಲ್ಕಾವೃಷ್ಟಿಯ ದಿನವೇ ಕಲ್ಲು ಬಿದ್ದರೂ ಎರಡಕ್ಕೂ ಸಂಬಂಧವಿರಬೇಕೆಂದಿಲ್ಲ. 1885ರ ನವೆಂಬರ್ 27ರಂದು ಬೀಲಾ ಧೂಮಕೇತುವಿನ ಉಲ್ಕಾವೃಷ್ಟಿ ನಡೆದಿರುವಾಗಲೇ ಮೆಕ್ಸಿಕೊದ ಮಜಾಪಿಲ್‌ನಲ್ಲಿ ಸುಮಾರು 4 ಕಿ.ಗ್ರಾಂ. ತೂಕದ ಕಬ್ಬಿಣದ ಉಲ್ಕಾಶಿಲೆ ಬಿದ್ದಿತು. ಧೂಮಕೇತುವಿನ ತುಂಡೇ ಸಿಕ್ಕಿತೆಂದು ಆಗ ಸಂಭ್ರಮಿಸಲಾಯಿತು. ಕಬ್ಬಿಣವು ಹೀಗೆ ಬೇರ್ಪಟ್ಟು ಗಟ್ಟಿಯಾಗಬೇಕಾದರೆ ಮೂಲ ಕಾಯವು ಕರಗುವಷ್ಟು ಕಾದಿರಬೇಕು. ಹಿಮದ ಧೂಮಕೇತುವಿನಲ್ಲಿ ಅದು ಸಾಧ್ಯವಿಲ್ಲ. ಅದು ಕೇವಲ ಕಾಕತಾಳೀಯವಾಗಿತ್ತು.

ಶಿಲೆ ದೊರೆತವರ ಗಮನಕ್ಕೆ

ಕೆಳಗೆ ಬಿದ್ದುದನ್ನು ಯಾರೂ ನೋಡದೆ, ಉಲ್ಕಾವೃಷ್ಟಿಯ ಮರುದಿನ ಹೊಲದಲ್ಲಿ ಕಂಡ ಕಪ್ಪು ಕಲ್ಲು ಉಲ್ಕಾಶಿಲೆಯಾಗಿರುವ ಸಾಧ್ಯತೆ ಅತಿ ಕಡಿಮೆ. ಬಳ್ಳಾರಿ, ಸಂಡೂರು ಭಾಗದ ಕಬ್ಬಿಣದ ಅದಿರು, ಕರಾವಳಿಯ ಮುರಕಲ್ಲು, ಕುಲುಮೆಯ ಕಿಟ್ಟ ಇವುಗಳನ್ನು ಉಲ್ಕಾಶಿಲೆಯೆಂದು ತಪ್ಪಾಗಿ ತಿಳಿಯುವುದುಂಟು. ಹೊಸದಾಗಿ ಬಿದ್ದ ಉಲ್ಕಾಶಿಲೆಯ ಮೇಲೆ ತೆಳುವಾದ ಕಪ್ಪು ಸುಟ್ಟ ಹೊದಿಕೆ ಇದ್ದು, ಮುರಿದ ಕಡೆ ಒಳಭಾಗವು ಸಾಮಾನ್ಯವಾಗಿ ಬೇರೆ ಬಣ್ಣದ್ದಾಗಿರುತ್ತದೆ. ಹೆಚ್ಚಿನವು ಗಾತ್ರಕ್ಕೆ ಹೋಲಿಸಿದರೆ ಭಾರ, ಅಯಸ್ಕಾಂತಕ್ಕೆ ಅಂಟುತ್ತವೆ. ಆದರೆ ಅದಿರು ಮತ್ತು ಕಿಟ್ಟವೂ ಅಂಟುತ್ತವೆ ಎಂಬುದನ್ನು ಮರೆಯಬಾರದು. ಗಾಳಿಗುಳ್ಳೆಗಳ ರಂಧ್ರಗಳಿಂದ ತುಂಬಿದ ಕಲ್ಲು ಬಹುಮಟ್ಟಿಗೆ ಕಿಟ್ಟವೇ ಆಗಿರುತ್ತದೆ.

ಕಲ್ಲು ಬೀಳುವುದನ್ನು ಕಂಡವರು ಅಥವಾ ಮೇಲ್ಕಂಡ ಲಕ್ಷಣಗಳಿರುವ ಕಲ್ಲು ದೊರೆತವರು ಅದನ್ನು ತೊಳೆಯದೆ, ಒಡೆಯದೆ, ಅರಿಶಿನ ಕುಂಕುಮ ಅಥವಾ ಎಣ್ಣೆ ಹಚ್ಚದೆ, ಸ್ವಚ್ಛವಾದ ಒಣ ಚೀಲದಲ್ಲಿರಿಸಿ, ಬಿದ್ದ ಸ್ಥಳ, ದಿನಾಂಕ ಮತ್ತು ವೇಳೆಯನ್ನು ಬರೆದಿಟ್ಟುಕೊಂಡು ಸಮೀಪದ ಪೊಲೀಸ್ ಠಾಣೆಗೆ ಅಥವಾ ತಹಶೀಲ್ದಾರರ ಕಚೇರಿಗೆ ತಿಳಿಸಬಹುದು. ಭಾರತದಲ್ಲಿ ಉಲ್ಕಾಶಿಲೆಗಳನ್ನು ಸಂಗ್ರಹಿಸಿ ಕಾಪಾಡುವ ಸಂಸ್ಥೆಯು ಜಿಎಸ್‌ಐ ಎಂದು ಪರಿಚಿತವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಾಗಿರುತ್ತದೆ. ವಿಳಂಬ ಮಾಡದಿರುವುದಕ್ಕೆ ಕಾರಣವಿದೆ. 2017ರ ಜೂನ್ 6ರಂದು ಜೈಪುರದ ಬಳಿಯ ಮುಕುಂದಪುರದಲ್ಲಿ ಬಿದ್ದ ಶಿಲೆಯು ಇಂಗಾಲ ಮತ್ತು ನೀರಿನಂಶವುಳ್ಳ ಅಪರೂಪದ ಬಗೆಯದಾಗಿತ್ತು. ಇಂಥ ಶಿಲೆಯು ಮಳೆಯಲ್ಲಿ ನೆನೆದರೆ ಮಣ್ಣಿನಂತೆ ಹಾಳಾಗಿ, ಅದರೊಳಗಿನ ಮಾಹಿತಿಯೂ ನಶಿಸುತ್ತದೆ.

ಉಲ್ಕಾಶಿಲೆಯಲ್ಲಿ ಇರಿಡಿಯಂ ಇದೆ, ಅದಕ್ಕೆ ಕೋಟ್ಯಂತರ ರೂಪಾಯಿ ಬೆಲೆಯಿದೆ ಎಂದು ನಂಬಿಸಿ ಮುಂಗಡ ಹಣ ಪಡೆಯುವವರ ಬಗ್ಗೆ ನಾಗರಿಕರು ಎಚ್ಚರಿಕೆ ವಹಿಸಬೇಕು. ಅಕ್ಕಿಯನ್ನು ಸೆಳೆಯುವ ಪಾತ್ರೆ ಎಂದು ನಂಬಿಸುವ ‘ರೈಸ್ ಪುಲ್ಲಿಂಗ್’ ವಂಚನೆಯೂ ಇದೇ ಜಾತಿಯದು. ಸಾಮಾನ್ಯ ಉಲ್ಕಾಶಿಲೆಯಲ್ಲಿ ಇರಿಡಿಯಂ ಇರುವುದು ನಿಜ. ಅದರ ಪ್ರಮಾಣ ಒಂದು ಟನ್ ಶಿಲೆಗೆ ಅರ್ಧ ಗ್ರಾಂ ಆಸುಪಾಸು. ಯಾವ ಕಲ್ಲಾಗಲಿ ಪಾತ್ರೆಯಾಗಲಿ ಅಕ್ಕಿಯನ್ನು ಸೆಳೆಯುವುದಿಲ್ಲ. ಇಂಥ ಶಿಲೆಗೆ ಪ್ರಮಾಣಪತ್ರ ಕೊಡಿಸುವುದಾಗಿ ಹೇಳಿ ಹಣ ಕೇಳುವವರು ಎದುರಾದಲ್ಲಿ, ಹಣ ಪಾವತಿಸದೆ ಪೊಲೀಸ್ ಠಾಣೆಗೆ ಲಿಖಿತ ದೂರು ನೀಡಲು ಕೋರಲಾಗಿದೆ.